ಸಮ್‌ಬಡಿಯೋ ಎನಿಬಡಿಯೋ

ನಾನು ಇಂಗ್ಲಿಷ್ ವ್ಯಾಕರಣದ ಬಗ್ಗೆ ಮಾತಾಡುವಾಗಲೆಲ್ಲ ನನ್ನ ಹೆಂಡತಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅದನ್ನು ತನ್ಮಯತೆ ಎಂದೇ ತಿಳಿದಿದ್ದೆ. ತೂಕಡಿಕೆ ಎಂದು ಗೊತ್ತಾಗುವ ಹೊತ್ತಿಗೆ ನನ್ನ ತಲೆ ಅರ್ಧ ನೆರೆತಿತ್ತು. (ಶಾಲೆಯಲ್ಲಿ ನನ್ನ ವಿದ್ಯಾರ್ಥಿಗಳೂ ಹಾಗೇ ತಲೆದೂಗುತ್ತಾರೆ. ಅದರ ವಿಚಾರಣೆ ಈಗ ಬೇಡ.)

ಮೊನ್ನೆ ಹೊಟ್ಟೆಯ ಹುಣ್ಣು ಒಡೆದು ಮಾವನವರು ರಕ್ತ ಕಾರಿಕೊಂಡರು. ಆಸ್ಪತ್ರೆಯಲ್ಲಿ ಮಲಗಿಸಿದಾಗ ಅವರ ಮುಖ ಹೊದಿಕೆಗಿಂತ ಬಿಳಿಯಾಗಿತ್ತು. ಆಪರೇಷನ್ನಿಗೆ ಮೊದಲು ಎರಡು ಬಾಟಲಿ ರಕ್ತ ಬೇಕು, ಇವರ ಗುಂಪಿನದು ಇಲ್ಲಿ ಮುಗಿದಿದೆ, ಬೇಗ ಜನ ಹುಡುಕಿ ಎಂದರು ಡಾಕ್ಟರು.

"ರೀ, ನೆಂಟರ ಗ್ರೂಪಿಗೆ ಒಂದು ಮೆಸೇಜ್ ಹಾಕಿ," ಎಂದಳು ಹೆಂಡತಿ.

ಆ ಗ್ರೂಪಿನಲ್ಲಿ ಇಂಗ್ಲಿಷಿನ ಮಾನ ಕಾಪಾಡುತ್ತಿರುವವನು ನಾನೊಬ್ಬನೇ. 'ಕ್ಯಾನ್ ಎನಿಬಡಿ' ಎಂದು ಶುರುಮಾಡಿ ತಟ್ಟನೆ ನಿಂತೆ.

"ನೋಡು, ಎನಿಬಡಿ ಅಂದ್ರೆ ಯಾರಾದ್ರೂ ಇದ್ದಾರೋ ಇಲ್ವೋ ಅನ್ನೋ ಅನುಮಾನ. ಸಮ್‌ಬಡಿ ಅಂದ್ರೆ ಒಬ್ಬರಾದ್ರೂ ಬಂದೇ ಬರ್ತಾರೆ ಅನ್ನೋ ಭರವಸೆ. ಇಂಥ ಹೊತ್ತಲ್ಲಿ ನಾವು..."

"ಕನ್ನಡದಲ್ಲೇ ಹಾಕ್ರೀ!"

"ಕನ್ನಡದಲ್ಲಿ ಎರಡಕ್ಕೂ ಯಾರಾದರೂ ಅಂತ ಒಂದೇ ಕಣೇ. ಸೂಕ್ಷ್ಮ ಹೋಗಿಬಿಡುತ್ತೆ."

ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ತನ್ನ ಫೋನು ಹಿಡಿದು ಹೊರಗಿನ ವರಾಂಡಕ್ಕೆ ಹೋದಳು.

ನಾನು ಕೊನೆಗೂ ಸಮ್‌ಬಡಿಯನ್ನೇ ಪ್ರತಿಷ್ಠಾಪಿಸಿ ಕಳಿಸಿದೆ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. 'ಧೈರ್ಯವಾಗಿರಿ, ಯಾರಾದರೂ ಸಿಕ್ಕೇ ಸಿಗ್ತಾರೆ' ಎಂದರು ಅತ್ತಿಗೆ. 'ಯಾರಾದರೂ ಸಿಕ್ಕಿದ್ರೆ ತಿಳಿಸಿ, ಮನಸ್ಸಿಗೆ ಸಮಾಧಾನ' ಎಂದ ಷಡ್ಡಕ. ನನ್ನ ಭರವಸೆ ಎಲ್ಲರನ್ನೂ ತಲುಪಿತ್ತು. ಅಷ್ಟು ಭರವಸೆ ಇರುವಾಗ ಮನೆ ಬಿಟ್ಟು ಹೊರಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಅಷ್ಟರಲ್ಲಿ ಬೆವರು ಸುರಿಸುತ್ತ ಬಂದವನು ಹೆಂಡತಿಯ ಚಿಕ್ಕಪ್ಪನ ಮಗ. ಅವನು ಆ ಗ್ರೂಪಿನಲ್ಲೇ ಇಲ್ಲ. "ಅಕ್ಕ ಫೋನ್ ಮಾಡಿ ನೀನು ಬಾ ಅಂದ್ಲು ಭಾವ, ಬಂದೆ," ಎಂದು ಅಂಗಿಯ ತೋಳು ಮಡಚುತ್ತ ಒಳಗೆ ಹೋದ.

ಎರಡನೆಯ ಬಾಟಲಿಗೆ ಅವಳು ಇನ್ನೂ ಫೋನ್ ಮಾಡುತ್ತಲೇ ಇದ್ದಳು. ಒಳಗೆ ಮಾವನವರ ನಾಡಿ ಇಳಿಯುತ್ತಿತ್ತು. ನರ್ಸಮ್ಮ ಬಾಗಿಲಿಗೆ ಬಂದು, ಷಡ್ಡಕನ ವಾಕ್ಯದಲ್ಲೊಂದು ತಪ್ಪು ತಿದ್ದುತ್ತ ಕೂತಿದ್ದ ನನ್ನನ್ನು ನೋಡಿದರು.

"ನಿಮ್ದು ಯಾವ ಗುಂಪು?"

ಹೇಳಿದೆ. ಮಾವನವರದ್ದೇ. ಮೆಸೇಜಿನಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದವನೂ ನಾನೇ. ಆದರೆ ಬರೆದವನ ಮೈಯಲ್ಲೂ ರಕ್ತ ಇರುತ್ತದೆ ಎಂಬುದು ಹೊಳೆದಿರಲಿಲ್ಲ.

ನರ್ಸಮ್ಮ ರೆಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ, ಮಲಗಿಸಿ, ಸೂಜಿ ಚುಚ್ಚಿದರು. ಮಗ್ಗುಲಲ್ಲಿ ಹೆಂಡತಿ ಬಂದು ನಿಂತಳು. ಕೊಳವೆಯಲ್ಲಿ ಇಳಿಯುತ್ತಿದ್ದ ರಕ್ತವನ್ನೇ ನೋಡುತ್ತಿದ್ದಳು, ನನ್ನನ್ನಲ್ಲ.

"ಅಲ್ಲ ಕಣೇ, ನನ್ನ ಗುಂಪು ನಿನಗೆ ಗೊತ್ತಿತ್ತಲ್ಲ! ಊರಿಗೆಲ್ಲ ಫೋನ್ ಮಾಡ್ದೆ, ಪಕ್ಕದಲ್ಲೇ ಇದ್ದ ನನ್ನನ್ನ ಯಾಕೆ ಕೇಳ್ಲಿಲ್ಲ?"

"ಅಪ್ಪನಿಗೆ ಅಷ್ಟು ಟೈಮ್ ಇರ್ಲಿಲ್ಲ ರೀ."