ರೂಪಾಯಿಗೆ ಸೂಜಿಗಲ್ಲು ಹಿಡಿದ ಮಾವ

ನನ್ನ ಸೋದರಮಾವನ ಕೈಗೆ ಒಂದು ರೂಪಾಯಿಯ ನಾಣ್ಯ ಕೊಟ್ಟು ನೋಡಿ, ಆಮೇಲೆ ನನ್ನನ್ನು ಬೈಯಬೇಡಿ! ಮೊದಲು ಅದನ್ನು ಕಲ್ಲಿನ ಮೇಲೆ ಎಸೆದು ಸದ್ದು ಕೇಳುತ್ತಾರೆ. ಮತ್ತೆ ಅಂಗಿಯ ಜೇಬಿನಿಂದ ಸೂಜಿಗಲ್ಲು ತೆಗೆದು ಮುಟ್ಟಿಸುತ್ತಾರೆ. ನಾಣ್ಯ ಟಪ್ಪೆಂದು ಅಂಟಿತೋ, "ಕಬ್ಬಿಣ! ಬರೀ ಕಬ್ಬಿಣ ಮಾರಾಯ!" ಎಂದು, ಟಂಕಸಾಲೆಯ ಯಜಮಾನರು ನೀವೇ ಎಂಬ ಹಾಗೆ ನಿಮ್ಮನ್ನು ದುರುಗುಟ್ಟಿ ನೋಡುತ್ತಾರೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಕಬಕದಲ್ಲಿ ನಲವತ್ತು ವರ್ಷದಿಂದ ಕಂಚು, ಹಿತ್ತಾಳೆ ಪಾತ್ರೆಗಳ ಅಂಗಡಿ ಅವರದು. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಈ ಕಂಚಿಗೆ ತವರ ಕಡಿಮೆ ಬಿದ್ದಿದೆ ಎಂದು ಹೇಳಬಲ್ಲ ಮನುಷ್ಯ. ಮಗಳ ಮದುವೆಗೆ ಪಾತ್ರೆ ಎಲ್ಲಿಂದ ಕೊಂಡರೂ ಸರಿ, ಜನ ಅದನ್ನು ತಂದು ಮಾವನಿಂದ ಒಮ್ಮೆ ತಟ್ಟಿಸಿಕೊಂಡು ಹೋಗುತ್ತಿದ್ದರು. ಬೇರೆ ಅಂಗಡಿಯಲ್ಲಿ ಕೊಂಡದ್ದನ್ನು ಇಲ್ಲಿ ತಟ್ಟಿಸುವ ಧೈರ್ಯ ನೋಡಿ! ಮಾವ ಒಂದು ದಿನವೂ ಬೇಸರಿಸಿದವರಲ್ಲ.

ಪಂಜದಲ್ಲಿ ನನ್ನ ಮನೆಯ ಒಕ್ಕಲಿನ ದಿನ ಏನಾಯಿತು ಗೊತ್ತೇ? ಭಟ್ಟರು ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಡಲು ಹೇಳಿದರು. ಮಾವ ಅಡ್ಡ ಬಂದರು.

"ದೇವರ ಎದುರು ಕಬ್ಬಿಣ ಇಡುದಾ?"

"ಮುಹೂರ್ತ ಹೋಗ್ತಾ ಉಂಟು ಮಾರಾಯ್ರೆ. ದೇವರು ಸುಧಾರಿಸಿಕೊಳ್ತಾರೆ" ಎಂದರು ಭಟ್ಟರು.

"ದೇವರು ಸುಧಾರಿಸ್ಲಿ, ನಾನು ಸುಧಾರಿಸುದಿಲ್ಲ!"

ಮನೆಗೆ ಮನೆಯೇ ಡಬ್ಬಿಗಳನ್ನು ತಡಕಾಡಿತು. ಕೊನೆಗೆ ಅತ್ತೆಯ ಚೀಲದ ಮೂಲೆಯಲ್ಲಿ ಹಳೇ ಕಾಲದ ಎಂಟಾಣೆಯೊಂದು ಸಿಕ್ಕಿತು. ಸೂಜಿಗಲ್ಲು ಅದನ್ನು ಮೂಸಿಯೂ ನೋಡಲಿಲ್ಲ. ಹೀಗೆ ಅರ್ಧ ರೂಪಾಯಿ ದಕ್ಷಿಣೆಯಲ್ಲಿ ಗೃಹಪ್ರವೇಶವಾದ ಮನೆ ಈ ಸೀಮೆಯಲ್ಲಿ ನನ್ನದೊಂದೇ ಇರಬೇಕು!

ಕಾಣಿಯೂರು ಬಸ್ಸಿನ ಕಂಡಕ್ಟರನಂತೂ ಇವರಿಗೆ ಚಿಲ್ಲರೆ ಕೊಡುವುದನ್ನೇ ಬಿಟ್ಟ. ಚಿಲ್ಲರೆಯ ಬದಲು ಮಿಠಾಯಿ ಕೊಟ್ಟು, "ಅಜ್ಜ, ಇದನ್ನೂ ಮುಟ್ಟಿಸಿ ನೋಡಿ" ಎನ್ನುತ್ತಿದ್ದ. ಮಾವ ಮುಟ್ಟಿಸಿ ನೋಡಿಯೇ ತಿನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಇವತ್ತಿಗೂ ನಗುತ್ತಿದ್ದೆ. ಆದರೆ ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು. ನಾಣ್ಯ ಮಾಡುವ ಲೋಹ ಪೂರೈಸಲು ಸರಕಾರದ ಗುತ್ತಿಗೆ ಪಡೆದ ಕಂಪನಿಯೊಂದು ಆಳುವ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟಿತ್ತಂತೆ. ಮಾವ ಅದನ್ನು ಕತ್ತರಿಸಿಕೊಂಡು ಪುತ್ತೂರಿನ ನನ್ನ ಫ್ಲೆಕ್ಸ್ ಅಂಗಡಿಗೆ ಬಂದರು.

"ಅಳಿಯ, ಒಂದು ಫ್ಲೆಕ್ಸ್ ಆಗ್ಬೇಕು. ನನ್ನ ಅಂಗಡಿ ಎದುರು ಹಾಕುದು."

ಚೀಟಿಯಲ್ಲಿ ಒಂದೇ ಸಾಲು: 'ದೇಣಿಗೆ ಮೊದಲು ಹೋದದ್ದಾ, ಟೆಂಡರ್ ಮೊದಲು ಬಂದದ್ದಾ?'

"ನಾನು ಯಾರನ್ನೂ ಕಳ್ಳ ಅಂತ ಹೇಳುದಲ್ಲ. ಕೇಳುದು ಅಷ್ಟೆ. ಕೇಳ್ಲಿಕ್ಕೆ ಆಗ್ದಾ?"

ಕೇಳಬಹುದು ಮಾವ, ಧಾರಾಳವಾಗಿ ಕೇಳಬಹುದು. ಆದರೆ ನನ್ನ ಅಂಗಡಿಯಲ್ಲೇ ಕೇಳಬೇಕೆ? ಕಳೆದ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ರಾಶಿ ಫ್ಲೆಕ್ಸ್ ಪುಕ್ಕಟೆ ಹಾಕಿಕೊಟ್ಟವನು ನಾನು. ಆಮೇಲೆ ಸುತ್ತಮುತ್ತಲ ಪಂಚಾಯತುಗಳ ಸ್ವಚ್ಛತೆಯ ಬೋರ್ಡುಗಳ ಕೆಲಸವೆಲ್ಲ ಯಾರಿಗೆ ಬಂತು ಎಂದು ನೀವು ಕೇಳಬಾರದು, ನಾನು ಹೇಳಬಾರದು. ಮಿಷನ್ ಹಾಳಾಗಿದೆ ಎಂದೆ. ಮುಂದಿನ ವಾರ ಶಾಯಿ ಇಲ್ಲ ಎಂದೆ, ಅದರ ಮುಂದಿನ ವಾರ ಕರೆಂಟಿಲ್ಲ. ನನ್ನ ಬೆನ್ನ ಹಿಂದೆಯೇ ಮಿಷನ್ ಗಡಗಡ ಓಡುತ್ತಿದ್ದಾಗಲೇ ಕರೆಂಟಿಲ್ಲ ಎಂದ ಶೂರ ನಾನು. ಮಾವ ಚೀಟಿ ಮಡಚಿಕೊಂಡು ಹೋದರು.

ಅದೇ ತಿಂಗಳು ಪಕ್ಷದ ದೊಡ್ಡ ನಾಯಕರು ಪುತ್ತೂರಿನ ವರ್ತಕರ ಜತೆ ಮಾತಾಡಲು ಬಂದರು. ಸ್ವಾಗತದ ಫ್ಲೆಕ್ಸ್ ನನ್ನದೇ, ಎದುರು ಸಾಲಿನ ಕುರ್ಚಿಯೂ ನನ್ನದೇ. ಪ್ರಶ್ನೆ ಇದ್ದರೆ ಕೇಳಿ ಎಂದದ್ದೇ ತಡ, ಹಿಂದಿನಿಂದ ಒಂದು ಕೈ ಎದ್ದಿತು. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ನನ್ನ ಮಾವ! ಮೈಕು ಹಿಡಿದು, ಕೈ ಮುಗಿದು, ಅದೇ ಪ್ರಶ್ನೆಯನ್ನು ಒಂದಕ್ಷರ ತಪ್ಪದೆ ಕೇಳಿದರು. 

ಪಕ್ಕದಲ್ಲಿದ್ದ ಪಕ್ಷದ ಊರಿನ ಮುಖಂಡರು ನನ್ನ ಕಡೆ ಬಗ್ಗಿದರು. "ಯಾರ್ರೀ ಅದು? ನಿಮ್ಮ ಮಾವ ಅಲ್ವಾ?"

ನಾನು ಏನು ಮಾಡಿದೆ? ಬಾಯಲ್ಲಿ ಹೇಳುವ ಗಂಡೆದೆಯೂ ಇರಲಿಲ್ಲ. ಹಲ್ಲು ಕಿರಿದು, ಹಣೆಯ ಪಕ್ಕ ಬೆರಳು ತಿರುಗಿಸಿದೆ. ಮುಖಂಡರು ನಕ್ಕರು. ಅವರ ಹಿಂದಿನವರು ನಕ್ಕರು. ನಾಯಕರು, "ಹಿರಿಯರಿಗೆ ಕಾಫಿ ಕೊಡಿ" ಎಂದದ್ದಕ್ಕೆ ಸಭೆಯೇ ನಕ್ಕಿತು. ಮಾವ ನಾಯಕರನ್ನು ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದರು. ಥೂ ನನ್ನ ಜನ್ಮಕ್ಕೆ!

ಮಾವ ಎದುರು ಸಿಕ್ಕಾರೆಂದು ಮೂರು ತಿಂಗಳು ನಾನು ಕಬಕದ ದಾರಿಯನ್ನೇ ತಪ್ಪಿಸಿದೆ. ಬೋರ್ಡಿನ ಕೆಲಸ ಕೈತಪ್ಪಲಿಲ್ಲ, ಇನ್ನೂ ಹೆಚ್ಚಾಯಿತು. ಮೊನ್ನೆ ಹೊಸ ಆರ್ಡರ್ ಕೊಡುವಾಗ ಮುಖಂಡರೇ ಅಂದರು:

"ನಿಮ್ಮ ಮಾವ ಪಾಪದವರು ಮಾರಾಯ್ರೆ. ಆ ಸಭೆಯ ಮರುದಿನವೇ ನಮ್ಮ ಆಫೀಸಿಗೆ ಬಂದಿದ್ರು. 'ನಂಗೆ ತಲೆ ಸರಿ ಇಲ್ಲ, ಎಂತೆಂತದೋ ಮಾತಾಡ್ತೇನೆ, ಅಳಿಯನಿಗೂ ಇದಕ್ಕೂ ಸಂಬಂಧ ಇಲ್ಲ, ಅವನ ಕೆಲಸ ತೆಗೀಬೇಡಿ' ಅಂತ ಎಲ್ಲರೆದುರು ಹೇಳಿ ಹೋದ್ರು."

ತವರ ಒಂದಿಷ್ಟು ಕಡಿಮೆಯಾದರೂ ಒಪ್ಪದ ಮನುಷ್ಯ ನನಗಾಗಿ ಎಲ್ಲರೆದುರು ಸುಳ್ಳು ಹೇಳಿದ್ದರು. ನಾನು ಆರ್ಡರನ್ನು ಅಲ್ಲೇ ಬಿಟ್ಟು ಕಬಕಕ್ಕೆ ಓಡಿದೆ. ಮಾವ ಅಂಗಡಿಯಲ್ಲಿ ಒಬ್ಬರೇ ಕೂತು ಒಂದು ಚೆಂಬನ್ನು ಒರೆಸುತ್ತಿದ್ದರು. ಮದುವೆಯ ಕಾಲ, ಆದರೂ ತಟ್ಟಿಸಲು ಬಂದ ಒಂದು ಪಾತ್ರೆಯೂ ಅಲ್ಲಿರಲಿಲ್ಲ. ತಲೆ ಸರಿ ಇಲ್ಲ ಎಂದು ತಾನೇ ಹೇಳಿಕೊಂಡವರ ಕಿವಿಯನ್ನು ಯಾರು ನಂಬುತ್ತಾರೆ?

"ಮಾವ, ನಿಮ್ಮ ಪ್ರಶ್ನೆ ಸರಿ ಇತ್ತು" ಎಂದೆ.

"ಅದು ನಂಗೆ ಗೊತ್ತುಂಟು. ನಿಂಗೆ ಎರಡು ಮಕ್ಕಳುಂಟು, ಅದೂ ಗೊತ್ತುಂಟು. ಊಟ ಆಯ್ತಾ?"

ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. ಮಾವ ಗಾಬರಿಯಿಂದ ನನ್ನ ತೋಳು ಹಿಡಿದೆಳೆದರು.

"ಏಳು ಮಾರಾಯ, ಏಳು! ಗಿರಾಕಿ ಬಂದ್ರೆ ಇಬ್ಬರಿಗೂ ಹುಚ್ಚು ಅಂತಾರೆ."

ಗಿರಾಕಿ ಯಾರೂ ಬರಲಿಲ್ಲ.