ಮೀನು ಬಂದ ಮೇಲೆ ನೀರು

ನಮ್ಮ ಸೋದರಮಾವನಿಗೆ ಡಾಕ್ಟರ ಮೇಲೂ ನಂಬಿಕೆಯಿರಲಿಲ್ಲ, ಪಂಚಾಯ್ತಿಯವರ ಮೇಲೂ ಇರಲಿಲ್ಲ. ಇದ್ದದ್ದೆಲ್ಲ ಮೀನಿನ ಮೇಲೆ!

ಕೈಲಾಂಚದ ಹತ್ತಿರದ ಅವರ ಮನೆ ಮುಂದೆ ದನಗಳ ಕಲ್ಲುತೊಟ್ಟಿ. ಅದರಲ್ಲಿ ಕೆರೆಯಿಂದ ತಂದುಬಿಟ್ಟ ಐದು ಮೀನು. ದಿನಾ ಬೆಳಿಗ್ಗೆ ಮಾವ ಒಂದು ಹಿಡಿ ಪುರಿ ಎರಚಿ, ಐದೂ ಮೇಲೆ ಬಂದದ್ದನ್ನು ಎಣಿಸಿದ ಮೇಲೆಯೇ ದನ ಬಿಚ್ಚುತ್ತಿದ್ದದ್ದು. ಮೀನು ಚುರುಕಾಗಿದ್ದರೆ ನೀರು ಸರಿಯಿದೆ ಎಂದು ಅವರ ಲೆಕ್ಕ. ತೊಟ್ಟಿಗೂ ಮನೆಗೂ ಒಂದೇ ಬಾವಿಯ ನೀರು ನೋಡಿ; ಅವರ ಮಗಳನ್ನು ನೋಡಲು ಮಾಗಡಿಯಿಂದ ಬಂದವರಿಗೂ ಅದೇ ಕಾನೂನು! ಅವರು ಬಾಯಾರಿ ನೀರು ಕೇಳಿದರೆ, "ಒಸಿ ತಡೀರಿ, ಇನ್ನೂ ಒಬ್ಬ ಬಂದಿಲ್ಲ" ಎಂದುಬಿಟ್ಟರು. ಪಾಪ, ಇನ್ನ್ಯಾರೋ ನೆಂಟರು ಬರಬೇಕೆಂದುಕೊಂಡು ಅವರೆಲ್ಲ ಬಾಗಿಲ ಕಡೆ ತಿರುಗಿ ಕೂತರು!

ಹುಚ್ಚು ಎನ್ನುತ್ತೀರಾ? ನಾನೂ ಅಂದವನೇ. ಆದರೆ ಆಗ ಊರಿನ ಆಳುಗಳೆಲ್ಲ ಬಿಡದಿ ಕಡೆಯ ಫ್ಯಾಕ್ಟರಿ ಸೇರಿದ್ದರು. ಹುಳ ಆರಿಸುವವರಿಲ್ಲದೆ ಎಲ್ಲರೂ ಟೊಮೆಟೊಗೆ ಔಷಧಿ ಹೊಡೆಯತೊಡಗಿದ್ದರು. ಮಳೆ ಬಂದ ಮಾರನೆಯ ದಿನ ಕೆರೆಯ ದಡದಲ್ಲಿ ಮೀನು ಸತ್ತು ತೇಲುತ್ತಿದ್ದವು. ರೇಷ್ಮೆಹುಳಕ್ಕೆ ಆಗದೆಂದು ಔಷಧಿಯನ್ನೇ ದೂರವಿಟ್ಟಿದ್ದ ಮಾವ ಕೊನೆಗೆ ತಾವೂ ಸೋತು ಒಪ್ಪಿದರು. ಹೊಡೆದವನು ಕಾಲೇಜಿನ ರಜೆಗೆ ಬಂದಿದ್ದ ನಾನು. "ಔಷ್ದಿ ಅಳೆಯೋ ಮಗ್ಗು ಹೊಲದಲ್ಲೇ ಬುಟ್ಟು ಬಾ" ಎಂದು ನೂರು ಸಲ ಹೇಳಿದ್ದರು.

ಮರೆತೆ. ತಳದಲ್ಲಿ ಬೆಳ್ಳಗೆ ಒಂದಿಷ್ಟು ಉಳಿದಿದ್ದ ಮಗ್ಗನ್ನು ಮನೆಗೆ ತಂದು, ತೊಟ್ಟಿಗೇ ಅದ್ದಿ ಕಾಲು ತೊಳೆದೆ!

ಸ್ವಲ್ಪ ಹೊತ್ತಿಗೆ ಒಂದು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಇನ್ನೊಂದು ಓರೆಯಾಗಿ ಗಿರಗಿರನೆ ಸುತ್ತಿತು. ಅಷ್ಟರಲ್ಲಿ ಮೇಯ್ದು ಬಂದ ತುಂಬುಗಬ್ಬದ ಹಸು ತೊಟ್ಟಿಗೆ ಮೂತಿ ಚಾಚಿತು.

ಮಾವ ಜಗಲಿಯಿಂದ ಹಾರಿ ಬಂದು ಅದರ ಕೊಂಬು ಹಿಡಿದರು.

"ಲೇ ಅಳಿಯ, ಹಗ್ಗ ಹಿಡ್ಕಳ್ಲಾ! ಬಾಯಿ ಹಾಕಕ್ ಬುಡ್ಬ್ಯಾಡ!"

ಹೇಗೋ ಹಸುವನ್ನು ಎಳೆದು ಕಟ್ಟಿದೆವು. ಮಾವ ಮೀನುಗಳನ್ನು ಹೊಸ ನೀರಿನ ಕೊಳಗಕ್ಕೆ ಹಾಕಿ, ಎತ್ತರದಿಂದ ನೀರು ಹುಯ್ಯುತ್ತಲೇ ಇದ್ದರು. ಕಿವಿರು ಪಟಪಟನೆ ಬಡಿದವು, ಆಮೇಲೆ ನಿಧಾನವಾದವು. ಒಂದೊಂದಾಗಿ ಐದೂ ಹೊಟ್ಟೆ ಮೇಲಾಗಿ ಮಗುಚಿ ಸತ್ತವು.

"ಯಾವನ್ ಮಾಡಿದ್ದು ಇದ್ನ?" ಅತ್ತೆ ಕೂಗಿದರು.

ಮಾವ ಮಗ್ಗನ್ನು ನೋಡಿದರು, ನನ್ನ ಒದ್ದೆ ಕಾಲನ್ನು ನೋಡಿದರು. ಈಗ ಏಟು ಬಿತ್ತು ಎಂದು ನಾನು ಕಣ್ಣು ಮುಚ್ಚಿದೆ. ಅವರು ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಮೊಣಕೈವರೆಗೂ ಸೋಪು ಹಚ್ಚಿ ಉಜ್ಜತೊಡಗಿದರು.

"ಮೀನು ಆಚೆಗಿರ್ಲಿ ಕಣ್ಲಾ. ನಿಂಗೆ ತಲೆ ಸುತ್ತತಾ ಐತಾ? ವಾಂತಿ ಬಂದಂಗ್ ಆಯ್ತದಾ? ನಿಜ ಹೇಳು."

ಇಲ್ಲ ಮಾವ ಎಂದೆ. ನಂಬಲಿಲ್ಲ. ಅತ್ತೆ ಊಟಕ್ಕೆ ಕರೆದರೂ ಏಳದೆ, ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.