ಸಿಂಗಪುರಕ್ಕೆ ಹೋದ ಎಡಗಾಲು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ಹೆಣ್ಣುಮಗಳ ಎಡಗಾಲಿಗೆ ನಾಲ್ಕು ಸಾವಿರ ರೂಪಾಯಿಯ ವ್ಯಾಪಾರ ಕುದುರಿದ್ದು ಒಂದೇ ಸಲ, ೧೯೬೧ನೇ ಇಸವಿಯಲ್ಲಿ. ಕಾಲು ರಾಮಲಕ್ಷ್ಮಮ್ಮನದು. ಮಾರಲು ಹೊರಟವರು ಮುನಿಶಾಮಪ್ಪನವರು, ಅವಳು ಕೂಲಿಗಿದ್ದ ನೂಲು ಬಿಚ್ಚುವ ಶೆಡ್ಡಿನ ಯಜಮಾನರು. ಕಾಲು ತಮ್ಮದಲ್ಲವಲ್ಲ ಎಂಬ ಸಂಶಯ ಅವರಿಗೆ ಬರಲಿಲ್ಲ. ಗೂಡೂ ಅವರು ಕಟ್ಟಿದ್ದಲ್ಲ, ಹುಳು ಕಟ್ಟಿದ್ದು. ಹುಳುವನ್ನು ಕೇಳಿ ಯಾರೂ ವ್ಯಾಪಾರ ಮಾಡುವುದಿಲ್ಲ.

ಸಿಂಗಪುರದಿಂದ ಟಾನ್ ಎಂಬ ದೊರೆ ನೂಲು ನೋಡಲು ಬಂದಿದ್ದರು. ಅಲ್ಲಿ ಅವರಿಗೆ ಬಟ್ಟೆ ಗಿರಣಿಯೂ ಇತ್ತು, ಸಂಬಳ ಕೊಟ್ಟು ಆಡಿಸುವ ಹೆಂಗಸರ ಫುಟ್‌ಬಾಲ್ ತಂಡವೂ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ, ಮಾರುಕಟ್ಟೆಗೆ ಅಂಟಿಕೊಂಡಿದ್ದ ಶೆಡ್ಡಿನ ಹಿಂದೆ ರಾಮಲಕ್ಷ್ಮಮ್ಮ ಒದ್ದ ಚಿಂದಿ ಚೆಂಡು ಹುಣಸೆಮರ ದಾಟಿ ಬಂದು ದೊರೆಯ ಟೋಪಿ ಹಾರಿಸಿತು. ಕ್ಷಮೆ ಕೇಳಲು ಬಾಯಿ ತೆರೆದ ಮುನಿಶಾಮಪ್ಪನವರು, ದೊರೆಯ ಕಣ್ಣು ಅರಳಿದ್ದು ಕಂಡು ಮುಚ್ಚಿಕೊಂಡರು. ಗಿರಾಕಿಯ ಕಣ್ಣು ಅರಳಿದ ಮೇಲೆ ಕ್ಷಮೆ ಕೇಳುವವನು ವ್ಯಾಪಾರಿಯಲ್ಲ. ಹೆಗಲ ಮೇಲಿನ ಟವಲು ತೆಗೆದು ಕೈಮೇಲೆ ಹಾಸಿ ಮುಂದೆ ಚಾಚಿದರು.

ಬೆಲೆಯನ್ನು ಬಾಯಲ್ಲಿ ಆಡುವುದು ನಮ್ಮ ಮಾರುಕಟ್ಟೆಯಲ್ಲಿ ಮರ್ಯಾದೆಯಲ್ಲ. ಟವಲಿನ ಕೆಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ, ದೊಡ್ಡ ಮಾಲಿಗೆ ಬೆರಳಿಗೆ ಸಾವಿರ; ಕುಲುಕಿದರೆ ಮುಗಿಯಿತು. ಆಮೇಲೆ ‘ಎಷ್ಟು’ ಎಂದು ಕೇಳಿದರೆ ಕೈಯ ಮೇಲೆ ಸುಳ್ಳು ಹೊರಿಸಿದಂತೆ. ಟವಲು ಹಾಸುವ ಹಕ್ಕು ಕೊಳ್ಳುವವನಿಗೆ ಮಾತ್ರ ಎಂದು ಮಾರುಕಟ್ಟೆಯಲ್ಲಿ ಬೋರ್ಡು ಬರೆಸಿದವರೂ ಮುನಿಶಾಮಪ್ಪನವರೇ. ಪೆರೇಸಂದ್ರದ ರೈತರು ತಾವೇ ಟವಲು ಹಾಸಿ ಬೆಲೆ ಏರಿಸುತ್ತಿದ್ದ ಕಾಲದಲ್ಲಿ.

ದೊರೆಗಳು ಟವಲಿನ ಕೆಳಗೆ ಕೈ ತೂರಿಸಿ, ನಾಲ್ಕೂ ಬೆರಳು ಒಟ್ಟಿಗೆ ಹಿಡಿದು, ಮೊಣಕೈ ಅಲ್ಲಾಡುವ ಹಾಗೆ ಕುಲುಕಿದರು. ಅವರ ಕಡೆ ಅದು ಬರೀ ನಮಸ್ಕಾರ. ಮುನಿಶಾಮಪ್ಪನವರ ಕಡೆ ನಾಲ್ಕು ಸಾವಿರ.

ರಾಮಲಕ್ಷ್ಮಮ್ಮನಿಗೆ ಈ ನಾಜೂಕು ತಿಳಿಯದು. ದುಭಾಷಿಯಾಗಿ ಬಂದಿದ್ದ ದಲ್ಲಾಳಿ ಉಸ್ಮಾನ್ ಸಾಬರನ್ನು ಹಿಡಿದು ನಿಲ್ಲಿಸಿ ಎಲ್ಲರೆದುರಿಗೇ ಕೇಳಿದಳು.

“ತಿಂಗಳಿಗೆ ಎಷ್ಟು ಕೊಡ್ತಾರೆ, ಊಟ ಯಾರ್ದು, ಕಾಲು ಮುರಿದ್ರೆ ಯಾರು ನೋಡ್ಕೋತಾರೆ, ಇಷ್ಟು ಕೇಳಿ ಹೇಳಿ ಸಾಬ್ರೇ.”

ಇನ್ನೂರು ರೂಪಾಯಿ, ಊಟವೂ ಮುರಿದ ಕಾಲೂ ತಂಡದ ಖರ್ಚು ಎಂದಾಯಿತು. ಮುನಿಶಾಮಪ್ಪನವರು ನಾಚಿಕೆಯಿಂದ ಹುಣಸೆಮರದ ಕಡೆ ನೋಡುತ್ತಿದ್ದರು.

ಪಾಸ್‌ಪೋರ್ಟಿಗೆ ತಾಲ್ಲೂಕು ಕಚೇರಿಯ ದೃಢೀಕರಣ ಬೇಕಾಯಿತು. ತಂಡವಿಲ್ಲದವಳು ಆಟಗಾರ್ತಿಯಲ್ಲ, ಸಂಘವಿಲ್ಲದ ತಂಡ ತಂಡವಲ್ಲ, ಅಧ್ಯಕ್ಷರಿಲ್ಲದ ಸಂಘ ಸಂಘವಲ್ಲ ಎಂದು ಗುಮಾಸ್ತ ನರಸಿಂಹಪ್ಪ ಕಾನೂನು ಬಿಡಿಸಿ ಹೇಳಿದ. ಆ ಸಂಜೆಯೇ ಮಹಿಳಾ ಕಾಲ್ಚೆಂಡು ಸಂಘ ಹುಟ್ಟಿತು, ಅಧ್ಯಕ್ಷರು ಮುನಿಶಾಮಪ್ಪನವರು. ಪ್ರಮಾಣಪತ್ರ ಹೀಗಿತ್ತು: “ಸದರಿ ತಂಡದಲ್ಲಿ ಸದರಿ ರಾಮಲಕ್ಷ್ಮಮ್ಮ ಒಬ್ಬರೇ ಇರುತ್ತಾರೆ. ಎದುರಾಳಿ ತಂಡವು ಈ ತಾಲ್ಲೂಕಿನಲ್ಲಿ ಇಲ್ಲದ ಕಾರಣ ಸದರಿ ತಂಡವು ಇದುವರೆಗೆ ಸೋತಿರುವುದಿಲ್ಲ. ಗೆದ್ದಿರುವ ಬಗ್ಗೆ ಈ ಕಚೇರಿಯಲ್ಲಿ ಮಾಹಿತಿ ಇರುವುದಿಲ್ಲ.”

ಹಡಗಿನ ಟಿಕೀಟು, ಬೂಟು, ಹಾರ, ವಾಲಗ ಎಲ್ಲ ಅಧ್ಯಕ್ಷರ ಖರ್ಚು. ನಾಲ್ಕು ಸಾವಿರ ಬರುವ ಮನುಷ್ಯ ಹಾರಕ್ಕೆ ಚೌಕಾಸಿ ಮಾಡಬಾರದು. ಅದೇ ಧೈರ್ಯದಲ್ಲಿ ಚಿಂತಾಮಣಿಯ ಲಾಲ್ ಬಾಷಾರಲ್ಲಿ ಶೆಡ್ಡನ್ನು ಅಡವಿಟ್ಟು ಹೊಸ ಚರಕಗಳನ್ನೂ ಇಳಿಸಿದರು.

ಸಿಂಗಪುರದಿಂದ ಅವಳ ಗೋಲಿನ ಸುದ್ದಿ ಬಂತು, ಹಣ ಬರಲಿಲ್ಲ. ಬಾಯಿಬಿಟ್ಟು ಕೇಳುವಂತಿಲ್ಲ. ಉಸ್ಮಾನ್ ಸಾಬರಿಂದ ಕಾಗದ ಬರೆಸಿದರು: “ಇಲ್ಲಿ ನಮ್ಮ ನಾಲ್ಕೂ ಬೆರಳು ಕ್ಷೇಮ. ತಮ್ಮ ಕಡೆಯ ಕ್ಷೇಮ ತಿಳಿಸುವುದು.” ಬೆರಳುಗಳು ಆರೋಗ್ಯವಾಗಿರುವುದು ಕೇಳಿ ಸಂತೋಷವಾಯಿತೆಂದು ಉತ್ತರ ಬಂತು.

ಮಾರನೆಯ ವರ್ಷ ದೊರೆಗಳೇ ಬಂದರು. ಉಸ್ಮಾನ್ ಸಾಬರು ಟವಲಿನ ಶಾಸ್ತ್ರವನ್ನೆಲ್ಲ ವಿವರಿಸಿದರು. ದೊರೆಗಳೂ ವ್ಯಾಪಾರಿಯೇ. ಎಲ್ಲ ಕೇಳಿ, ನಿಮ್ಮಲ್ಲಿ ಟವಲು ಹಾಸುವವನು ಯಾರು ಎಂದಷ್ಟೇ ವಿಚಾರಿಸಿದರು. ಸಾಬರು ಬೋರ್ಡು ಓದಿ ಹೇಳಿದರು. ಟವಲು ಹಾಸಿದವರು ಇವರು, ಹಾಗಾದರೆ ನನ್ನ ನಾಲ್ಕು ಸಾವಿರ ಎಲ್ಲಿ ಎಂದರು ದೊರೆಗಳು.

ಬೋರ್ಡಿನ ಕೆಳಗೇ ವರ್ತಕರ ಪಂಚಾಯ್ತಿ ಕೂತಿತು. ನಾನು ಕೊಂಡಿದ್ದಾದರೂ ಏನು ಎಂದು ಮುನಿಶಾಮಪ್ಪನವರು ಕೇಳಿದರು.

“ಅವಳ ಆಟ ಕೊಂಡಿದ್ದೀಯ ಕಣಪ್ಪ,” ಎಂದರು ಹಿರಿಯ ವರ್ತಕ ಮುನಿವೆಂಕಟಪ್ಪನವರು. “ಮಾಲು ಅಲ್ಲೇ ಇದೆ, ಚೆನ್ನಾಗೂ ಇದೆ. ಇಲ್ಲ, ಕೈ ಸುಳ್ಳಾಡ್ತು ಅಂತೀಯ?”

ಮೂವತ್ತು ವರ್ಷ ಆ ಕೈಯಿಂದಲೇ ಬದುಕಿದ್ದ ಮುನಿಶಾಮಪ್ಪನವರು ಹಾಗೆನ್ನಲಿಲ್ಲ. ನಾಲ್ಕು ಸಾವಿರ ಕಟ್ಟಿದರು. ಶೆಡ್ಡು, ಚರಕ ಸಮೇತ ಲಾಲ್ ಬಾಷಾರ ಪಾಲಾಯಿತು. ಪದ್ಧತಿ ಉಳಿಯಿತೆಂದು ವರ್ತಕರು ಅವರಿಗೇ ಹಾರ ಹಾಕಿದರು.

೧೯೬೭ರಲ್ಲಿ ಮಂಡಿ ಸವೆಸಿಕೊಂಡು ರಾಮಲಕ್ಷ್ಮಮ್ಮ ವಾಪಸು ಬಂದಳು. ಲಾಲ್ ಬಾಷಾರ ಅಂಗಡಿಗೆ ಹೋಗಿ, ಶೆಡ್ಡಿಗೆ ಎಷ್ಟು ಎಂದು ಬೀದಿಗೆಲ್ಲ ಕೇಳುವಂತೆ ಕೇಳಿ, ಕೊಂಡುಕೊಂಡಳು. ಆಮೇಲೆ ಮುನಿಶಾಮಪ್ಪನವರಿಗೆ ಹೇಳಿಕಳಿಸಿದಳು.

“ಗೂಡು ನೋಡಿ ತರೋಕೆ ನಿಮ್ಮಂಥೋರು ಬೇಕು ಯಜಮಾನ್ರೇ. ಸಂಬಳ ಎಷ್ಟು ಬೇಕು, ಹೇಳಿ.”

ಅವರು ಅಭ್ಯಾಸದಂತೆ ಟವಲು ತೆಗೆದು ಕೈಮೇಲೆ ಹಾಸಿದರು.

“ಟವಲು ಎತ್ತಿ. ನೀವು ಹಾಸಿದ್ರೆ ನೀವೇ ಕೊಡ್ಬೇಕಾಗುತ್ತೆ.”

ಮುನಿಶಾಮಪ್ಪನವರು ನೆಲ ನೋಡಿಕೊಂಡು, ಜೀವನದಲ್ಲಿ ಮೊದಲ ಸಲ, ಬೆಲೆಯನ್ನು ಬಾಯಲ್ಲಿ ಆಡಿದರು. ಎಂಬತ್ತು ಎಂದರು. ಅವಳು ಎಪ್ಪತ್ತು ಎಂದಳು. ಕೇಳುತ್ತ ನಿಂತವರು ಇದೂ ಒಂದು ಪದ್ಧತಿಯೇ ಎಂದು ತಲೆದೂಗಿದರು.

ಒಟ್ಟು ವ್ಯವಹಾರದಲ್ಲಿ ಅವರಿಗೆ ಗಿಟ್ಟಿದ್ದು: ತಿಂಗಳಿಗೆ ಎಪ್ಪತ್ತು ರೂಪಾಯಿಯ ನೌಕರಿ, ಅವಳು ಸಿಂಗಪುರದಿಂದ ತಂದುಕೊಟ್ಟ ನೀಲಿ ಅಂಚಿನ ಟವಲು, ಒಂದು, ಮತ್ತು ಸಂಘದ ಅಧ್ಯಕ್ಷಗಿರಿ. ಸಂಘ ಇವತ್ತಿನವರೆಗೂ ಸೋತಿಲ್ಲ.